ಇನ್ನೊಂದು ಮಷೀನಲ್ಲಿ ಓಡುತ್ತಾ?

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ಎಪಿಸೋಡ್ ಹಾಕೋದಿತ್ತು. ಆದ್ರೆ ಕಳೆದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದಾರೆ: "ಗ್ರಾಫಿಕ್ಸ್ ಕಟ್ಟಿದ್ದು ಜೀನಿಯಸ್‌ಗಳು. ಸ್ಟ್ಯಾಂಡರ್ಡ್ ಅನ್ನೋದು ಕಮಿಟಿಯವ್ರು ಕೂತು ಕಾಫಿ ಕುಡಿದಿದ್ದು ಅಷ್ಟೇ." ನನ್ನ ವಿಡಿಯೋಗಿಂತ ಆ ಕಮೆಂಟಿಗೇ ಜಾಸ್ತಿ ಲೈಕು. ಅದೂ ಒಂದು ಉರಿ, ಇರ್ಲಿ. (ಸ್ಟ್ಯಾಂಡರ್ಡ್ ಅಂದ್ರೆ, ಬೇರೆ ಬೇರೆ ಮಷೀನಲ್ಲೂ ಒಂದೇ ಕೋಡ್ ಓಡ್ಲಿ ಅಂತ ಎಲ್ಲರೂ ಒಪ್ಕೊಂಡ ನಿಯಮ.)

ಸರಿ, ಜೀನಿಯಸ್‌ಗಳಿಂದಾನೇ ಶುರು ಮಾಡೋಣ. 1963, ಎಂಐಟಿಯ ಲಿಂಕನ್ ಲ್ಯಾಬ್. ಐವನ್ ಸದರ್ಲ್ಯಾಂಡ್ ಪಿಎಚ್‌ಡಿಗೆ ಸ್ಕೆಚ್‌ಪ್ಯಾಡ್ ಅಂತ ಪರದೆ ಮೇಲೆ ಚಿತ್ರ ಬರೆಯೋ ಪ್ರೋಗ್ರಾಮ್ ಮಾಡ್ತಾರೆ. ಪರದೆ ಮೇಲೆ ಒಂದು ಪುಟ್ಟ ಕೂಡಿಸುವ ಚಿಹ್ನೆ ಥರದ್ದು ಹೊಳೀತಿರುತ್ತೆ, ಲೈಟ್ ಪೆನ್ ಹಿಡಿದು ಸರಿಸಿದ್ರೆ ಅದು ಪೆನ್ನಿನ ಹಿಂದೇನೇ ಬರುತ್ತೆ. ಒಂದು ಕೈಯಲ್ಲಿ ಬಟನ್ ಒತ್ತಿ, ಇನ್ನೊಂದು ಕೈಯಲ್ಲಿ ಪೆನ್ ಎಳೆದ್ರೆ ಗೆರೆ ಉದ್ದ ಆಗ್ತಾ ಹೋಗುತ್ತೆ. ಸಾಕು ಅನ್ಸಿದಾಗ ಪೆನ್ನನ್ನ ಪಟ್ ಅಂತ ಆಚೆ ಝಾಡಿಸಿದ್ರೆ ಗೆರೆ ಅಲ್ಲೇ ನಿಲ್ಲುತ್ತೆ. ಸೊಟ್ಟಪಟ್ಟ ಚೌಕ ಬರೆದು "ಈ ಗೆರೆಗಳು ಲಂಬವಾಗಿರ್ಲಿ" ಅಂದ್ರೆ ತಾನೇ ನೆಟ್ಟಗಾಗುತ್ತೆ. ನೋಡಿದ್ರೆ ಈಗ್ಲೂ ರೋಮ ಎದ್ದು ನಿಲ್ಲುತ್ತೆ ಗುರು!

ಆದ್ರೆ ಅದು ಓಡ್ತಿದ್ದ ಕಂಪ್ಯೂಟರ್ ಟಿಎಕ್ಸ್-2. ಅಂಥದ್ದು ಪ್ರಪಂಚದಲ್ಲಿ ಎಷ್ಟಿತ್ತು? ಒಂದೇ ಒಂದು. ಜಾತ್ರೇಲಿ ಬಯಾಸ್ಕೋಪ್ ಡಬ್ಬಕ್ಕೆ ಕಣ್ಣಿಟ್ಟು ನೋಡಿದ ಹಾಗೆ, ಅಲ್ಲಿಗೇ ಹೋಗಿ ನೋಡ್ಬೇಕು. ನನ್ನ ಪ್ರಶ್ನೆ ಇಷ್ಟೇ: ಇನ್ನೊಂದು ಮಷೀನಲ್ಲಿ ಓಡುತ್ತಾ?

ಆಮೇಲೆ ಯೂಟಾ ವಿಶ್ವವಿದ್ಯಾಲಯ. ಅಬ್ಬಬ್ಬಾ, ಎಂಥೆಂಥವ್ರು! ವಸ್ತುಗಳಿಗೆ ನೆರಳು-ಬೆಳಕು ಕೊಡೋ ಗೂರೋ ಶೇಡಿಂಗ್ 1971ರಲ್ಲಿ, ಫಾಂಗ್ ಶೇಡಿಂಗ್ 1973ರಲ್ಲಿ, ಯಾವುದು ಮುಂದೆ ಯಾವುದು ಹಿಂದೆ ಅಂತ ನೋಡೋ ಝಡ್-ಬಫರ್, ಮೇಲ್ಮೈಗೆ ಚಿತ್ರ ಅಂಟಿಸೋ ಟೆಕ್ಸ್ಚರ್ ಮ್ಯಾಪಿಂಗ್ ಅಂತ ಎಡ್ ಕ್ಯಾಟ್‌ಮಲ್ 1974ರಲ್ಲಿ. 1975ರಲ್ಲಿ ಮಾರ್ಟಿನ್ ನ್ಯೂವೆಲ್ ಮನೆಯ ಟೀಪಾಟನ್ನೇ ಅಂಕಿಗಳಾಗಿ ಇಳಿಸಿದ್ರು. ಆ ಟೀಪಾಟು ಯಾಕೆ ಗ್ರಾಫಿಕ್ಸ್ ಡೆಮೋಗಳಲ್ಲಿ ಎಲ್ಲಾ ಕಡೆ ಕಾಣ್ಸುತ್ತೆ ಗೊತ್ತಾ? ಚೆನ್ನಾಗಿದೆ ಅಂತಷ್ಟೇ ಅಲ್ಲ. ನ್ಯೂವೆಲ್ ಆ ಅಂಕಿಗಳನ್ನ ಎಲ್ಲರಿಗೂ ಕೊಟ್ಬಿಟ್ರು, ಯಾವ ಲ್ಯಾಬಲ್ಲಿ ಬೇಕಾದ್ರೂ ಹಾಕ್ಕೊಂಡು ಬರೀಬಹುದಿತ್ತು. ನೋಡಿ, ಟೀಪಾಟು ಕೂಡ ನನ್ನ ಪರವೇ ಮಾತಾಡ್ತಿದೆ. (ಟೀಪಾಟ್ ಟೀ-ಶರ್ಟ್ ಲಿಂಕ್ ಕೆಳಗಿದೆ. ಎಕ್ಸೆಲ್ ಸೈಜ್ ಖಾಲಿ.)

ಈಗ ಆ ಕಾಲದ ಪ್ರೋಗ್ರಾಮರ್ ಪಾಡು ಯೋಚಿಸಿ. ಟೆಕ್ಟ್ರಾನಿಕ್ಸ್ 4010 ಅಂತ ಒಂದು ಟರ್ಮಿನಲ್, 1972ರದ್ದು, ಸ್ಟೋರೇಜ್ ಟ್ಯೂಬ್. ಬರೆದ ಗೆರೆ ಪರದೆ ಮೇಲೇ ಉಳ್ಕೊಳುತ್ತೆ. ಒಂದೇ ಒಂದು ಗೆರೆ ಅಳಿಸ್ಬೇಕಾ? ಆಗಲ್ಲ. ಇಡೀ ಪರದೆ ಹಸಿರಾಗಿ ಫಳ್ ಅಂದು ಖಾಲಿ ಆಗುತ್ತೆ, ಮತ್ತೆ ಮೊದಲಿಂದ ಬರೀಬೇಕು. ಪಕ್ಕದ ಕೋಣೆಯಲ್ಲಿ ವೆಕ್ಟರ್ ಡಿಸ್‌ಪ್ಲೇ ಇದ್ರೆ ಅದರ ಕಥೆ ಉಲ್ಟಾ: ಬಿಡದೆ ಮತ್ತೆ ಮತ್ತೆ ಬರೀತಾನೇ ಇರ್ಬೇಕು, ನಿಲ್ಲಿಸಿದ್ರೆ ಚಿತ್ರ ಮಾಯ. ಮೂಲೇಲಿ ಕಾಗದದ ಮೇಲೆ ಪೆನ್ನಲ್ಲಿ ಬರೆಯೋ ಪ್ಲಾಟರ್, ಅದಕ್ಕೆ ಅಳಿಸೋದು ಅನ್ನೋದೇ ಗೊತ್ತಿಲ್ಲ. ಒಂದಕ್ಕೆ ಬರೆದ ಕೋಡ್ ಇನ್ನೊಂದಕ್ಕೆ ಆಗಲ್ಲ. ಜೀನಿಯಸ್‌ಗಳು ಏನ್ಮಾಡ್ತಿದ್ರು? ಮುಂದಿನ ಪೇಪರ್ ಬರೀತಿದ್ರು. ಇನ್ನೊಂದು ಮಷೀನಲ್ಲಿ ಓಡುತ್ತಾ ಅಂತ ಕೇಳಿದ್ದು ಯಾರು? ಕಮಿಟಿ! ನಿಮ್ಮ ಕಾಫಿ ಕಮಿಟಿ!

1977ರಲ್ಲಿ ಸಿಗ್ರಾಫ್ ಅನ್ನೋ ಗ್ರಾಫಿಕ್ಸ್ ಸಂಘದ ಸಮಿತಿ "ಕೋರ್" ಅಂತ ಸ್ಟ್ಯಾಂಡರ್ಡ್ ಕರಡು ತಂತು. ಜರ್ಮನಿ ಕಡೆಯಿಂದ ಜಿಕೆಎಸ್ ಅನ್ನೋ ಇನ್ನೊಂದು ಬಂತು, 1985ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ ಐಎಸ್‌ಒ ಮುದ್ರೆ ಬಿತ್ತು. ಜಿಕೆಎಸ್‌ನವ್ರು ಏನ್ಮಾಡಿದ್ರು ಅಂದ್ರೆ, ಲೈಟ್ ಪೆನ್ನು, ಮೌಸು, ಜಾಯ್‌ಸ್ಟಿಕ್ಕು ಅನ್ನೋ ಮಾತೇ ಬಿಟ್ರು. ಪ್ರೋಗ್ರಾಮ್‌ಗೆ ಬೇಕಾಗಿರೋದು ಏನು? ಒಂದು ಜಾಗ ತೋರಿಸೋದು, ಗೀಟು ಎಳೆಯೋದು, ಒಂದು ಬೆಲೆ ಕೊಡೋದು, ಆಯ್ಕೆ ಮಾಡೋದು, ಪರದೆ ಮೇಲಿರೋ ಒಂದು ವಸ್ತುವನ್ನ ಹಿಡಿಯೋದು, ಅಕ್ಷರ ಕೊಡೋದು. ಆರೇ ಆರು. ಯಾವ ಡಬ್ಬದಿಂದ ಬರುತ್ತೋ ಪ್ರೋಗ್ರಾಮ್‌ಗೆ ಬೇಡ. ಇದನ್ನ ಯೋಚಿಸೋಕೆ ಜೀನಿಯಸ್ ಬೇಡ್ವಾ ಸ್ವಾಮಿ?

ಗೊತ್ತು, ಗೊತ್ತು. "ಜಿಕೆಎಸ್ ಬರೀ ಟೂ-ಡಿ, ಕೋರ್‌ನಲ್ಲಿ ಆಗ್ಲೇ ತ್ರೀ-ಡಿ ಇತ್ತು, ಅದನ್ನ ಬಿಟ್ಟು ಇದನ್ನ ತಗೊಂಡ್ರು." ಹೌದು. ಮುಂದಕ್ಕೆ ಹೋಗೋಣ.

"ಫಿಗ್ಸ್ ಅನ್ನೋ ತ್ರೀ-ಡಿ ಕಮಿಟಿ ಕೂಸು 1989ರಲ್ಲಿ ಸ್ಟ್ಯಾಂಡರ್ಡ್ ಆಯ್ತು, ಓಪನ್‌ಜಿಎಲ್ ಅದನ್ನ ಮಕಾಡೆ ಮಲಗಿಸ್ತು. ಓಪನ್‌ಜಿಎಲ್ ಕಂಪನಿ ಮಾಡಿದ್ದು, ಕಮಿಟಿ ಅಲ್ಲ." ಆಹಾ, ಇದನ್ನೇ ಕಾಯ್ತಿದ್ದೆ! ಕಂಪನಿ ಹೆಸರು ಸಿಲಿಕಾನ್ ಗ್ರಾಫಿಕ್ಸ್, ಕಟ್ಟಿದವ್ರು ಯೂಟಾದಲ್ಲೇ ಓದಿದ ಜಿಮ್ ಕ್ಲಾರ್ಕ್. ಅವರ ಹತ್ರ ತಮ್ಮ ಮಷೀನಿಗೇ ಅಂತ ಮಾಡ್ಕೊಂಡ ಐರಿಸ್ ಜಿಎಲ್ ಅನ್ನೋ ಗ್ರಾಫಿಕ್ಸ್ ಲೈಬ್ರರಿ ಇತ್ತು. 1992ರಲ್ಲಿ ಅದರಿಂದ ವಿಂಡೋ ತೆರೆಯೋದು, ಕೀಬೋರ್ಡ್ ಓದೋದು ಎಲ್ಲಾ ತೆಗೆದುಹಾಕಿ, ಚಿತ್ರ ಬರೆಯೋದಷ್ಟನ್ನೇ ಉಳಿಸಿ, ಓಪನ್‌ಜಿಎಲ್ ಅಂತ ಹೆಸರಿಟ್ಟು, ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್ ಎಲ್ಲರನ್ನೂ ಕರೆದು ಮೇಜಿನ ಸುತ್ತ ಕೂರಿಸಿದ್ರು. ಅದಕ್ಕೆ ಕನ್ನಡದಲ್ಲಿ ಏನಂತಾರೆ? ಕಮಿಟಿ ಅಂತಾರೆ! ಅದೇ ಮೇಜಿನಲ್ಲಿ ಕೂತಿದ್ದ ಮೈಕ್ರೋಸಾಫ್ಟ್ 1996ರಲ್ಲಿ ಡೈರೆಕ್ಟ್‌ತ್ರೀಡಿ ಅನ್ನೋ ತನ್ನದೇ ತ್ರೀ-ಡಿ ವ್ಯವಸ್ಥೆ ತಂದು ವಿಂಡೋಸ್‌ಗೆ ಮಾತ್ರ ಅಂತ ಕೂತ್ಕೊಂಡಿತು. ಕೇಳಿ ಅವರನ್ನ: ಇನ್ನೊಂದು ಮಷೀನಲ್ಲಿ ಓಡುತ್ತಾ?

ಇವತ್ತು ಬೆಂಗಳೂರಲ್ಲಿ ಜಿಪಿಯು, ಅಂದ್ರೆ ಗ್ರಾಫಿಕ್ಸ್ ಚಿಪ್‌ಗೆ ಡ್ರೈವರ್ ಬರೆಯೋ ಹುಡುಗರು ಹುಡುಗೀರು ಎಷ್ಟೋ ಜನ ಇದಾರೆ. ಅವರು ದಿನಾ ಒದ್ದಾಡೋದು ಯಾವುದರ ಜೊತೆ? ವಲ್ಕನ್ ಅನ್ನೋ ಇವತ್ತಿನ ಗ್ರಾಫಿಕ್ಸ್ ಸ್ಟ್ಯಾಂಡರ್ಡಿನ ಟೆಸ್ಟ್ ಪಾಸಾಯ್ತಾ ಇಲ್ವಾ ಅನ್ನೋದರ ಜೊತೆ. ಯಾರಾದ್ರೂ ಕೇಳಿಸ್ಕೊಳ್ತಿದ್ರೆ ಮೆಸೇಜ್ ಮಾಡ್ರಪ್ಪಾ, ನಿಮ್ಮನ್ನ ಕರೆದು ಒಂದು ಎಪಿಸೋಡ್ ಮಾಡೋಣ. ಕಾಸು ಕೊಡಲ್ಲ, ಟೀ-ಶರ್ಟ್ ಕೊಡ್ತೀನಿ.

ಇನ್ನೂ ಎರಡು ಪಾಯಿಂಟ್ ಬರ್ಕೊಂಡಿದ್ದೆ. ನೋಡಿದ್ರೆ ಎರಡೂ ಇದೇ ಪಾಯಿಂಟು. ಪರವಾಗಿಲ್ಲ, ಇನ್ನೊಂದ್ಸಲ ಹೇಳ್ತೀನಿ: ಓಡುತ್ತಾ? ಓಡಲ್ವಾ? ಅಷ್ಟೇ ರೀ! ಸದರ್ಲ್ಯಾಂಡ್‌ಗೆ 1988ರಲ್ಲಿ ಕಂಪ್ಯೂಟರ್ ಲೋಕದ ದೊಡ್ಡ ಗೌರವ, ಟ್ಯೂರಿಂಗ್ ಪ್ರಶಸ್ತಿ ಬಂತು, ಬರ್ಲೇಬೇಕು. ಜಿಕೆಎಸ್ ಕರಡು ತಿದ್ದಿದವ್ರ ಒಂದು ಹೆಸರು ಹೇಳಿ ನೋಡೋಣ. ಗೂಗಲ್ ಮಾಡ್ಬಾರ್ದು. ನಾನೂ ಮಾಡಲ್ಲ, ಬಿಡಿ.

ಮುಂದಿನ ವಾರ ಪೋಸ್ಟ್‌ಸ್ಕ್ರಿಪ್ಟ್ ಬಗ್ಗೆ, ಅಂದ್ರೆ ಪುಟ ಹೇಗಿರ್ಬೇಕು ಅಂತ ಪ್ರಿಂಟರ್‌ಗೆ ಹೇಳೋ ಭಾಷೆ. ಜಾನ್ ವಾರ್ನಾಕ್, ಅವರೂ ಯೂಟಾದವ್ರೇ, ಅಡೋಬಿ ಕಟ್ಟಿದವ್ರಲ್ಲಿ ಒಬ್ರು. ಯಾವ ಕಂಪನಿ ಪ್ರಿಂಟರ್ ತಂದಿಟ್ರೂ ಅದೇ ಪುಟ ಬರ್ಬೇಕು ಅನ್ನೋದು ಅವರ... ಹೂಂ, ಇದೂ ಅದೇ ಪಾಯಿಂಟೇ. ಚಂದಾದಾರರಾಗಿ, ಬೆಲ್ ಒತ್ತಿ, ಎಕ್ಸೆಲ್ ಮುಂದಿನ ತಿಂಗಳು ಬರುತ್ತೆ.