ಹೋಟೆಲ್ ಅಡುಗೆಮನೆಯಲ್ಲಿ ಥರ್ಮಾಮೀಟರ್ ಎಲ್ಲಿ?

ಹೋಟೆಲ್ ಮೇಲೆ ಅಧಿಕಾರಿಗಳು ದಾಳಿ ಮಾಡಿದ ವಿಡಿಯೊ ನೀವೂ ನೋಡಿರುತ್ತೀರಿ. ಒಬ್ಬರು ಫ್ರಿಜ್ ಬಾಗಿಲು ತೆಗೆಯುತ್ತಾರೆ, ಇನ್ನೊಬ್ಬರು ಫೋನ್ ಹಿಡಿದುಕೊಂಡು ಹಿಂದೆಯೇ ನುಗ್ಗುತ್ತಾರೆ, ಮೂಲೆಯಲ್ಲಿ ಜಿರಳೆ ಓಡುತ್ತದೆ, ಗೋಡೆ ತುಂಬ ಎಣ್ಣೆ ಜಿಡ್ಡು. ಮಾಲೀಕ ತಲೆ ತಗ್ಗಿಸಿ ನಿಂತಿರುತ್ತಾನೆ. ಕೆಳಗೆ ಜನ ಥೂ ಅಂತ ಬರೆಯುತ್ತಾರೆ. ಎರಡು ದಿನ ಬೀಗ, ಮೂರನೇ ದಿನ ಮತ್ತೆ ವ್ಯಾಪಾರ. ಅದನ್ನು ನೋಡಿದರೆ ನನಗೂ ಹೊಟ್ಟೆ ತೊಳೆಸುತ್ತದೆ. ಆದರೆ ನಾನು ನೋಡಿದ ಇಂಥ ವಿಡಿಯೊಗಳಲ್ಲಿ ಒಂದರಲ್ಲೂ ಅಧಿಕಾರಿಯ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ.

ಯಾಕೆ ಅಂತ ಹೇಳುತ್ತೇನೆ. ಹಿಂದೆ ಕೆಲವು ತಿಂಗಳು ನಾನು ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೆ. ನೆಲ ಫಳಫಳ ಹೊಳೆಯುತ್ತಿತ್ತು. ಅಲ್ಲಿ ಜಿರಳೆ ನೋಡಿದ ನೆನಪೇ ಇಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಉಳಿದ ಅನ್ನವನ್ನು ದೊಡ್ಡ ಡಬರಿಯಲ್ಲೇ ಮುಚ್ಚಿ, ಒಲೆ ಪಕ್ಕದಲ್ಲೇ ಬಿಟ್ಟು ಹೋಗುತ್ತಿದ್ದೆವು. ಬೆಳಗ್ಗೆ ಬಂದು ಮುಟ್ಟಿದರೆ ಡಬರಿ ತಣ್ಣಗೆ. ಮುಚ್ಚಳ ಎತ್ತಿದರೆ ಒಳಗಡೆ ನೀರಿನ ಹನಿ ಸಾಲಾಗಿ ಕೂತಿರುತ್ತಿತ್ತು. ಸೌಟನ್ನು ನಡುವೆ ಆಳಕ್ಕೆ ಇಳಿಸಿ ಎತ್ತಿದರೆ ಅಲ್ಲಿನ ಅನ್ನ ಇನ್ನೂ ಉಗುರು ಬೆಚ್ಚಗೆ ಇರುತ್ತಿತ್ತು. ಮೂಸಿ ನೋಡುತ್ತಿದ್ದೆವು. ಹಳಸಿಲ್ಲ ಅಂದರೆ ಚೆನ್ನಾಗಿ ಬಿಸಿ ಮಾಡಿ ಬಡಿಸುವುದು. ನಾನೂ ಬಡಿಸಿದ್ದೇನೆ. ಅದು ತಪ್ಪು ಅಂತ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಿಯೂ ಕೊಟ್ಟಿರಲಿಲ್ಲ.

ಆ ಉಗುರು ಬೆಚ್ಚಗಿನ ಅನ್ನವೇ ನಿಜವಾದ ಅಪಾಯ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹದವಾದ ಬೆಚ್ಚಗೆ ಸಿಕ್ಕಿದರೆ ಕೆಲವು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಜಾಸ್ತಿ ಹೊರಗಡೆ ಬಿಡಬೇಡಿ ಅನ್ನುವುದು. ಬಿಸಿ ಮಾಡಿದರೆ ಸಾಯುತ್ತವಲ್ಲ ಅಂತ ನೀವು ಕೇಳಬಹುದು. ಅಲ್ಲೇ ನಾವೆಲ್ಲ ಮೋಸ ಹೋಗುವುದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಅವು ಅನ್ನ ಬೆಂದರೂ ಸಾಯುವುದಿಲ್ಲ, ಆಮೇಲೆ ಅನ್ನ ನಿಧಾನವಾಗಿ ಆರುವಾಗ ಮೊಳೆತು ವಿಷ ಬಿಡುತ್ತವೆ, ಆ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ. ತಿಂದವರು ಕೆಲವೇ ಗಂಟೆಯಲ್ಲಿ ವಾಂತಿ ಮಾಡಿಕೊಂಡು ನಿನ್ನೆ ಏನು ತಿಂದೆವೋ ಅಂತ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅದೇ ಅನ್ನವನ್ನು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರವಿ, ಬೇಗ ಆರಿಸಿ ಫ್ರಿಜ್‌ಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟೇ ಕೆಲಸ. ನಾಲ್ಕು ತಟ್ಟೆ, ಹತ್ತು ನಿಮಿಷ.

ಒಂದು ಹಳೇ ಘಟನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1993ರಲ್ಲಿ ಅಮೆರಿಕದಲ್ಲಿ ಜ್ಯಾಕ್ ಇನ್ ದ ಬಾಕ್ಸ್ ಅನ್ನುವ ಹೋಟೆಲ್ ಸರಣಿಯ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತವು. ಮಾಂಸದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾದ ಒಂದು ಕೆಟ್ಟ ತಳಿ ಇತ್ತು. ಅತಿ ಹೆಚ್ಚು ಜನ ಕಾಯಿಲೆ ಬಿದ್ದ ವಾಷಿಂಗ್ಟನ್ ರಾಜ್ಯದಲ್ಲಿ ಮಾಂಸ ಒಳಗಡೆ ಸುಮಾರು 68 ಡಿಗ್ರಿ ಮುಟ್ಟಬೇಕು ಅನ್ನುವ ನಿಯಮ ಆಗಲೇ ಬಂದಿತ್ತು. ಆದರೆ ಅಡುಗೆಮನೆಯಲ್ಲಿ ಹಳೇ 60 ಡಿಗ್ರಿಯ ಲೆಕ್ಕವೇ ನಡೆಯುತ್ತಿತ್ತು. ಎಂಟೇ ಎಂಟು ಡಿಗ್ರಿ! ಯಾವ ಕ್ಯಾಮೆರಾ ಹಿಡಿದುಕೊಂಡು ಹೋದರೂ ಆ ಎಂಟು ಡಿಗ್ರಿ ಕಾಣುತ್ತಿತ್ತಾ ಹೇಳಿ.

ಇನ್ನೊಂದು ವಿಷಯ, ಇದನ್ನು ಯಾರೂ ಮಾತೇ ಆಡುವುದಿಲ್ಲ. ಕಾಯಿಲೆ ಬಿದ್ದ ಅಡುಗೆಯವರು. ನೊರೊವೈರಸ್ ಅಂತ ಇದೆ, ವಾಂತಿ ಭೇದಿ ಹಬ್ಬಿಸುವುದರಲ್ಲಿ ಅದರಷ್ಟು ಚುರುಕಾದದ್ದು ಬೇರೆ ಇಲ್ಲ ಅಂದರೂ ತಪ್ಪಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡರೆ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರಿನಲ್ಲೇ ಕೈ ತಿಕ್ಕಿ ತೊಳೆಯಬೇಕು. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಆಹಾರ ಮುಟ್ಟುವ ಕೆಲಸಕ್ಕೆ ಬರಬಾರದು. ಆದರೆ ರಜೆ ಹಾಕಿದರೆ ಸಂಬಳ ಕಟ್ ಆಗುವವರು ಮನೆಯಲ್ಲಿ ಹೇಗೆ ಕೂರುತ್ತಾರೆ? ಹೊಟ್ಟೆ ಹಿಡಿದುಕೊಂಡೇ ಬರುತ್ತಾರೆ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಮಧ್ಯೆ ಮಧ್ಯೆ ಹೊರಗೆ ಓಡಿಹೋಗಿ ವಾಂತಿ ಮಾಡಿ, ಮುಖ ತೊಳೆದುಕೊಂಡು ಬಂದು ಮತ್ತೆ ತರಕಾರಿ ಹೆಚ್ಚುತ್ತಿದ್ದ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ಎರಡು ದಿನದ ಸಂಬಳದ ರಜೆ ಕೊಡದ ಮಾಲೀಕರನ್ನು ಖಂಡಿತ ಬೈಯುತ್ತೇನೆ. ತಪಾಸಣೆಗೆ ಬರುವವರು ರಜೆಯ ಪುಸ್ತಕವನ್ನೂ ತೆಗೆಸಿ ನೋಡಬೇಕು, ಅದೂ ಆಹಾರ ಸುರಕ್ಷತೆಯೇ.

ಹಾಗಂತ ಜಿರಳೆ, ಇಲಿ ಇದ್ದರೂ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅಂಥ ಕಡೆ ಬೀಗ ಹಾಕಲೇಬೇಕು. ಆದರೆ ಒಡೆದ ಟೈಲ್ಸಿಗೂ, ಹಸಿ ಕೋಳಿ ಕತ್ತರಿಸಿದ ಮಣೆಯ ಮೇಲೇ ಸೌತೆಕಾಯಿ ಹೆಚ್ಚುವುದಕ್ಕೂ ಒಂದೇ ತೂಕ ಕೊಡುವ ತಪಾಸಣೆ ನನಗೆ ಬೇಡ. ಮೊದಲನೆಯದು ನೋಡಲು ಅಸಹ್ಯ, ಅಷ್ಟೇ. ಎರಡನೆಯದು ಆಸ್ಪತ್ರೆಗೆ ಕಳಿಸುತ್ತದೆ.

ಮತ್ತೆ, ತಪಾಸಣೆ ಮಾಡಿ ಬರೆದ ವರದಿ ಎಲ್ಲಿ ಹೋಗುತ್ತದೆ? ಸುಮ್ನೆ ಫೈಲಿನಲ್ಲಿ ಕೂತರೆ ತಿನ್ನುವವರಿಗೆ ಏನು ಬಂತು? ಡೆನ್ಮಾರ್ಕಿನಲ್ಲಿ 2001ರಿಂದ ನಗುಮುಖದ ಗುರುತಿನ ಜೊತೆ ವರದಿಯನ್ನೇ ಗಿರಾಕಿಗಳಿಗೆ ಕಾಣುವ ಹಾಗೆ ಹಾಕಬೇಕು. ನ್ಯೂಯಾರ್ಕ್ ನಗರ 2010ರಲ್ಲಿ ಎ, ಬಿ, ಸಿ ಅಂತ ದರ್ಜೆ ಕೊಟ್ಟು ಬಾಗಿಲಿಗೇ ಅಂಟಿಸುವುದನ್ನು ಶುರು ಮಾಡಿತು. ವೇಲ್ಸ್‌ನಲ್ಲಿ 0ಯಿಂದ 5ರವರೆಗಿನ ಅಂಕವನ್ನು ಬಾಗಿಲಲ್ಲಿ ತೋರಿಸುವುದು 2013ರಿಂದ ಕಡ್ಡಾಯ. ಪಕ್ಕದ ಇಂಗ್ಲೆಂಡಿನಲ್ಲಿ ಅಂಕ ಕೊಡುತ್ತಾರೆ, ತೋರಿಸುವುದು ಮಾತ್ರ ಕಡ್ಡಾಯ ಅಲ್ಲ. ಕಡಿಮೆ ಅಂಕ ಬಂದವರು ತಾವಾಗೇ ಯಾಕೆ ತೋರಿಸುತ್ತಾರೆ, ಅಲ್ವಾ?

ನನಗೆ ದರ್ಜೆಯೊಂದೇ ಸಾಲದು. ಬಾಗಿಲಲ್ಲಿರುವ ಕಾಗದದಲ್ಲಿ ಫ್ರಿಜ್ ಎಷ್ಟು ಡಿಗ್ರಿ ಇತ್ತು, ಬಿಸಿ ಇಟ್ಟ ಅಡುಗೆ ಎಷ್ಟು ಡಿಗ್ರಿ ಇತ್ತು, ಕೈ ತೊಳೆಯುವ ಜಾಗದಲ್ಲಿ ಸೋಪು ಇತ್ತಾ, ಯಾವತ್ತು ನೋಡಿದರು, ಇಷ್ಟು ಬರೆದಿರಬೇಕು. ದೊಡ್ಡ ಅಕ್ಷರದಲ್ಲಿ. ತಪಾಸಣೆ ಅನ್ನುವುದು ವರ್ಷದಲ್ಲಿ ಒಂದೋ ಎರಡೋ ದಿನದ ಮಾತು, ಉಳಿದ ದಿನ ನೋಡಿಕೊಳ್ಳಬೇಕಾದವರು ಒಳಗೆ ಇರುವವರೇ.

ಅದಕ್ಕೇ ನಾನು ಈಗ ಹೋದಲ್ಲೆಲ್ಲ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಡುಗೆಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಜಾಸ್ತಿ ಕಡೆ ಮುಖ ಮುಖ ನೋಡಿಕೊಳ್ಳುತ್ತಾರೆ, ಕೆಲವರು ಇಲ್ಲಿ ಯಾರಿಗೂ ಜ್ವರ ಇಲ್ಲ ಅಂದದ್ದೂ ಇದೆ. ಮೊನ್ನೆ ಒಂದು ಚಿಕ್ಕ ಹೋಟೆಲಿನಲ್ಲಿ ಮಾತ್ರ ಅಡುಗೆಯ ಅಮ್ಮ ಒಳಗಿಂದ ಬಂದರು. ಜೇಬಿನಿಂದ ಕಡ್ಡಿಯ ಹಾಗಿರುವ ಥರ್ಮಾಮೀಟರ್ ತೆಗೆದರು, ತುದಿ ಒರೆಸಿದರು, ಕುದಿಯುತ್ತಿದ್ದ ಪಾತ್ರೆಯ ನಡುವೆ ಅದ್ದಿ, ಬನ್ನಿ ನೀವೇ ನೋಡಿ ಅಂದರು. ಪಕ್ಕದ ಗೋಡೆಯಲ್ಲಿ ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಬುಕ್‌ನಲ್ಲಿ ಬೆಳಗಿನಿಂದ ಬರೆದ ಡಿಗ್ರಿಗಳು ಒಂದರ ಕೆಳಗೆ ಒಂದು ಇದ್ದವು.