ಫಿರಂಗಿ ಇಲ್ಲದ ಸೈನ್ಯ

ಎಲ್ಲರಿಗೂ ನಮಸ್ಕಾರ. ಹಂಗೇರಿಯನ್ ಭಾಷೆಯಲ್ಲಿ ‘ಹೊನ್’ ಅಂದರೆ ತಾಯ್ನಾಡು, ‘ವೇಡ್’ ಅಂದರೆ ಕಾಯುವುದು. ನಾಡು ಕಾಯುವವನು ಹೊನ್‌ವೇಡ್. ಇವತ್ತು ಈ ಹೆಸರಿನ ಸೈನ್ಯದ ಬಗ್ಗೆ ಮಾತಾಡೋಣ.

ಟೆರಿಟೋರಿಯಲ್ ಆರ್ಮಿ ಅಂದ ತಕ್ಷಣ ನಮಗೆ ನೆನಪಾಗುವುದು ನೌಕರಿ ಮಾಡುತ್ತಲೇ ವರ್ಷಕ್ಕೆ ಸ್ವಲ್ಪ ದಿನ ಸಮವಸ್ತ್ರ ತೊಡುವವರು, ಅಲ್ವಾ? ಹೊನ್‌ವೇಡ್‌ಗೂ ಆ ಹೆಸರು ಇದೆ. ಆದರೆ ಇದು ಹುಟ್ಟಿದ್ದು ದಂಗೆಯಲ್ಲಿ.

1848ರ ಮೇ ತಿಂಗಳು. ಹಂಗೇರಿ ಆಗ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಕೈಕೆಳಗಿತ್ತು. ಪ್ರಧಾನಿ ಬತ್ಯಾನಿಯ ಸರ್ಕಾರ ಸ್ವಯಂಸೇವಕರ 10 ಬೆಟಾಲಿಯನ್ ಕಟ್ಟಲು ಹೊರಟಿತು. ಚಕ್ರವರ್ತಿಯ ರಾಜಧಾನಿ ವಿಯೆನ್ನಾ ಜೊತೆಗಿನ ಜಗಳ ವರ್ಷ ಮುಗಿಯುವುದರೊಳಗೆ ಯುದ್ಧವೇ ಆಯಿತು. ಹಂಗೇರಿಯ ನಾಯಕ ಕೊಶುತ್ ಊರೂರು ತಿರುಗಿ ಭಾಷಣ ಮಾಡಿ ಹುಡುಗರನ್ನು ಸೇರಿಸಿದ. 1849ರ ಮೇ 21ರಂದು ಈ ಹೊಸ ಪಡೆ ಬುಡಾ ಕೋಟೆಯನ್ನು ಚಕ್ರವರ್ತಿಯ ಸೈನಿಕರಿಂದ ಕಿತ್ತುಕೊಂಡಿತು. ಆಮೇಲೆ ರಷ್ಯಾದ ಜಾರ್ ವಿಯೆನ್ನಾದ ನೆರವಿಗೆ ಸೈನ್ಯ ಕಳಿಸಿದ. ಆಗಸ್ಟ್ 13ರಂದು ವಿಲಾಗೋಶ್‌ನಲ್ಲಿ ಹಂಗೇರಿಯ ದಂಡನಾಯಕ ಗೊರ್ಗೇ ಶರಣಾದ, ಅದೂ ಆಸ್ಟ್ರಿಯಾಕ್ಕಲ್ಲ, ಬೇಕಂತಲೇ ರಷ್ಯನ್ನರಿಗೆ. ಅಕ್ಟೋಬರ್ 6ರಂದು ಅರಾದ್‌ನಲ್ಲಿ ಹಂಗೇರಿಯ 13 ಮಂದಿ ಸೇನಾನಾಯಕರನ್ನು ಆಸ್ಟ್ರಿಯನ್ನರು ಕೊಂದರು. ಅದೇ ದಿನ ಪೆಸ್ಟ್‌ನಲ್ಲಿ ಬತ್ಯಾನಿಗೂ ಗುಂಡಿಟ್ಟರು.

ತಪ್ಪಿಸಿಕೊಂಡವರಲ್ಲಿ ಅಂದ್ರಾಶಿ ಅಂತ ಒಬ್ಬ ಕೌಂಟ್ ಇದ್ದ. ಆಳು ಕೈಗೆ ಸಿಗಲಿಲ್ಲ, ಹಾಗಾಗಿ 1851ರಲ್ಲಿ ಹೆಸರಿಗೆ ಮಾತ್ರ ಗಲ್ಲಿಗೇರಿಸಿದರು. ಇವನನ್ನು ನೆನಪಿಟ್ಟುಕೊಳ್ಳಿ.

1866ರಲ್ಲಿ ಪ್ರಷ್ಯಾದ ಕೈಯಲ್ಲಿ ಆಸ್ಟ್ರಿಯಾ ಸೋತು ಸುಣ್ಣವಾಯಿತು. ಹಂಗೇರಿಯನ್ನು ಒಲಿಸಿಕೊಳ್ಳದೆ ಫ್ರಾಂಜ್ ಜೋಸೆಫ್‌ಗೆ (ಇವನೇ ಆಗಿನ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ) ಬೇರೆ ದಾರಿ ಉಳಿಯಲಿಲ್ಲ. 1867ರಲ್ಲಿ ರಾಜಿಯಾಯಿತು, ಹಂಗೇರಿಯ ರಾಜನಾಗಿ ಅವನಿಗೆ ಪಟ್ಟ ಕಟ್ಟಿದರು. ಕಿರೀಟ ಇಡುವಾಗ ಕೈಜೋಡಿಸಿದ್ದು ಯಾರು ಗೊತ್ತಾ? ಅದೇ ಅಂದ್ರಾಶಿ, ಆಗ ಪ್ರಧಾನಿ, ರಕ್ಷಣಾ ಮಂತ್ರಿಯೂ ಅವನೇ! ರಾಜ ತನಗೆ ಬಂದ ಪಟ್ಟಾಭಿಷೇಕದ ಕಾಣಿಕೆಯನ್ನು ಹಳೇ ಹೊನ್‌ವೇಡ್‌ಗಳ ವಿಧವೆಯರಿಗೆ, ಮಕ್ಕಳಿಗೆ ಕೊಟ್ಟ. ತಾನೇ ಸೋಲಿಸಿದವರ ಮನೆಯವರಿಗೆ!

1868ರ ಡಿಸೆಂಬರ್‌ನಲ್ಲಿ ಕಾನೂನು ಬಂತು. ಇಡೀ ಸಾಮ್ರಾಜ್ಯಕ್ಕೆ ಒಂದು ಜಂಟಿ ಸೈನ್ಯ, ಅದರ ಪಕ್ಕದಲ್ಲಿ ಹಂಗೇರಿಗೆ ಹೊನ್‌ವೇಡ್. ಬಂಡಾಯಗಾರರ ಹೆಸರನ್ನೇ ರಾಜ ಒಪ್ಪಿಕೊಂಡ. ಆದರೆ ಫಿರಂಗಿ ಮಾತ್ರ ಕೊಡಲಿಲ್ಲ. ಕಾಲಾಳು ಇದ್ದರು, ಹುಸಾರ್ ಕುದುರೆ ಸವಾರರು ಇದ್ದರು, ಫಿರಂಗಿ ದಳ ಇಲ್ಲ. ನನ್ನ ಮಟ್ಟಿಗೆ ಇಡೀ ರಾಜಿಯ ಒಳಗುಟ್ಟು ಇದೇ. ‘ನಿಮ್ಮನ್ನು ನಂಬುತ್ತೇನೆ, ಆದರೆ ಅಷ್ಟೊಂದು ಅಲ್ಲ’ ಅಂತ ರಾಜ ಹೇಳಿದ ಹಾಗೆ!

ಸುಮ್ನೆ ಲೆಕ್ಕ ನೋಡಿ. ಒಬ್ಬ ಹುಡುಗ 3 ವರ್ಷ ಜಂಟಿ ಸೈನ್ಯದಲ್ಲಿ, 7 ವರ್ಷ ಅದರ ಮೀಸಲಿನಲ್ಲಿ, ಕಡೆಯ 2 ವರ್ಷ ಹೊನ್‌ವೇಡ್‌ನಲ್ಲಿ. ಕೆಲವರು ನೇರವಾಗಿ ಹೊನ್‌ವೇಡ್‌ಗೇ ಸೇರುತ್ತಿದ್ದರು, ಅವರಿಗೆ ತರಬೇತಿ ಕಡಿಮೆ. ವಿಯೆನ್ನಾದ ಅಧಿಕಾರಿಗಳಿಗೆ ಇದು ಎರಡನೇ ದರ್ಜೆಯದು. ಹಂಗೇರಿಯವರಿಗೆ ಹಾಗಲ್ಲ. ಜಂಟಿ ಸೈನ್ಯದಲ್ಲಿ ‘ಸಾವಧಾನ್’ ಅನ್ನಲು ಜರ್ಮನ್‌ನಲ್ಲಿ ‘ಹಾಬ್ಟ್ ಆಖ್ಟ್’ ಅಂತ ಕೂಗಿದರೆ, ಇಲ್ಲಿ ‘ವಿಗ್ಯಾಜ್’ ಅಂತ ತಮ್ಮದೇ ಮಾತಿನಲ್ಲಿ ಕೂಗುತ್ತಿದ್ದರು. ಕ್ರೊಯೇಷಿಯಾದ ತುಕಡಿಗಳಿಗೆ ಅವರ ಭಾಷೆ. ಜಂಟಿ ಸೈನ್ಯಕ್ಕೂ ಹಂಗೇರಿಯನ್ ಬೇಕು ಅಂತ ಗಲಾಟೆ ಬೆಳೆದು, 1906ರ ಫೆಬ್ರವರಿಯಲ್ಲಿ ರಾಜ ಪಾರ್ಲಿಮೆಂಟನ್ನೇ ವಿಸರ್ಜಿಸಿದ. ಆ ಆದೇಶ ಓದಲು ಸಭಾಂಗಣಕ್ಕೆ ನುಗ್ಗಿದ್ದು ಒಬ್ಬ ಹೊನ್‌ವೇಡ್ ಕರ್ನಲ್. ಯಾರ ಸೈನ್ಯ ಇದು ಅಂತ ಅವತ್ತು ಎಷ್ಟು ಜನ ಕೇಳಿಕೊಂಡಿರಬಹುದು!

1912ರ ಹೊಸ ಕಾನೂನಿನ ನಂತರ ಫಿರಂಗಿ ಬಂತು. 1914ರಲ್ಲಿ ಮೊದಲ ಮಹಾಯುದ್ಧವೂ ಬಂತು. ಈಗಿನ ಪೋಲೆಂಡ್‌ನಲ್ಲಿರುವ ಪ್ಷೆಮಿಶ್ಲ್ ಕೋಟೆಯೊಳಗೆ ಸಿಕ್ಕಿಬಿದ್ದ 23ನೇ ಹೊನ್‌ವೇಡ್ ಡಿವಿಷನ್ 1915ರ ಮಾರ್ಚ್‌ನಲ್ಲಿ ಹಸಿದ ಹೊಟ್ಟೆಯಲ್ಲೇ ರಷ್ಯನ್ನರ ಸಾಲು ಒಡೆದು ಹೊರಬರಲು ನೋಡಿತು, ಆಗಲಿಲ್ಲ. ಮಾರ್ಚ್ 22ರಂದು ಕೋಟೆ ಶರಣಾಯಿತು. 1918ರಲ್ಲಿ ಸಾಮ್ರಾಜ್ಯವೇ ಚೂರಾಯಿತು. 1920ರ ಟ್ರಿಯಾನಾನ್ ಶಾಂತಿ ಒಪ್ಪಂದ ಸೋತ ಹಂಗೇರಿಗೆ 35,000 ಸೈನಿಕರ ಮಿತಿ ಹಾಕಿತು.

ಇವತ್ತಿಗೂ ಹಂಗೇರಿಯ ಸೇನೆಯ ಹೆಸರು ಹೊನ್‌ವೇಡ್ಶೇಗ್. ಅವರ ಸೇನಾ ದಿನ ಮೇ 21, ಅಂದರೆ ಬುಡಾ ಕೋಟೆಯನ್ನು ಕಿತ್ತುಕೊಂಡ ದಿನ. ಫ್ರಾಂಜ್ ಜೋಸೆಫ್ ಕಾಲದ ಒಂದು ದಿನವೂ ಅವರಿಗೆ ಇದಕ್ಕೆ ಸರಿ ಕಾಣಲಿಲ್ಲ.