ಅರವತ್ತು ಡಾಲರಿನ ಬೇಲಿ

ಕೇಳುಗರೇ, ನಮಸ್ಕಾರ.

ಮಂಗಳೂರಿನ ಪಣಂಬೂರು ಕಡಲತೀರಕ್ಕೆ ಹೋದವರು ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳನ್ನು ನೋಡಿರುತ್ತೀರಿ. ಮಕ್ಕಳು ಅವನ್ನು ಎಣಿಸುತ್ತವೆ. ದೊಡ್ಡವರು ಚುರುಮುರಿ ತಿನ್ನುತ್ತಾ ಸುಮ್ನೆ ನೋಡುತ್ತಾರೆ. ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಬರುವುದು ಈ ಕಡಲಿನ ಮೂಲಕವೇ. 2022ರ ನಂತರ ಅಲ್ಲಿಗೆ ರಷ್ಯಾದ ಎಣ್ಣೆಯೂ ಬಂದಿದೆ. ಆ ಎಣ್ಣೆಯ ಹಿಂದೆ ಪಶ್ಚಿಮದ ರಾಜತಾಂತ್ರಿಕತೆಯ ಒಂದು ವಿಚಿತ್ರ ಕತೆ ಇದೆ. ಇವತ್ತು ಅದನ್ನು ಹೇಳುತ್ತೇನೆ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಅಮೆರಿಕ, ಬ್ರಿಟನ್, ಯುರೋಪು ಸುಮ್ಮನಿರುವಂತಿಲ್ಲ. ಹಾಗಂತ ಸೈನ್ಯ ಕಳಿಸುವಂತೆಯೂ ಇಲ್ಲ, ಎದುರಿಗಿರುವುದು ಅಣುಬಾಂಬಿನ ದೇಶ. ಉಳಿದದ್ದು ದುಡ್ಡಿನ ದಾರಿ. ರಷ್ಯಾದ ಕೇಂದ್ರ ಬ್ಯಾಂಕು ಹೊರದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಬಿಲಿಯನ್ ಡಾಲರಿಗೆ ಕೆಲವೇ ದಿನಗಳಲ್ಲಿ ಬೀಗ ಬಿತ್ತು. ಅದು ಹೆಚ್ಚು ಕಷ್ಟವಾಗಲಿಲ್ಲ. ಕಷ್ಟವಾದದ್ದು ಎಣ್ಣೆ.

ರಷ್ಯಾ ಜಗತ್ತಿಗೆ ಎಣ್ಣೆ ಮಾರುವ ದೊಡ್ಡ ಅಂಗಡಿಗಳಲ್ಲಿ ಒಂದು. ಆ ಅಂಗಡಿ ಮುಚ್ಚಿಸಿದರೆ ಎಲ್ಲರ ಮನೆಯಲ್ಲೂ ಬೆಲೆ ಏರುತ್ತದೆ. ಯುದ್ಧ ಶುರುವಾದ ಮರುತಿಂಗಳೇ, ಜಗತ್ತಿನ ಎಣ್ಣೆ ಬೆಲೆಗೆ ಅಳತೆಗೋಲಾದ ಬ್ರೆಂಟ್ ತೈಲ ಒಮ್ಮೆ ಬ್ಯಾರೆಲ್ಲಿಗೆ 130 ಡಾಲರ್ ದಾಟಿತ್ತು. ಮುಚ್ಚಿಸದಿದ್ದರೆ ಯುದ್ಧಕ್ಕೆ ದುಡ್ಡು ಹರಿಯುತ್ತಲೇ ಇರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಾವು ಹೇಳುತ್ತೇವಲ್ಲ, ಅಕ್ಷರಶಃ ಅದೇ ಸ್ಥಿತಿ. ರಷ್ಯಾದ ಎಣ್ಣೆ ಪೇಟೆಗೆ ಬರುತ್ತಿರಬೇಕು, ಆದರೆ ರಷ್ಯಾಕ್ಕೆ ಕಡಿಮೆ ದುಡ್ಡು ಸಿಗಬೇಕು.

ಅಮೆರಿಕದ ಆಗಿನ ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್ ಮುಂದೆ ನಿಂತು ಒಂದು ಉಪಾಯಕ್ಕೆ ಬೆಂಬಲ ಕೂಡಿಸಿದರು. ಎಣ್ಣೆಗೆ ಮಿತಿಬೆಲೆ ಕಟ್ಟುವುದು. ಎಷ್ಟು ಅನ್ನುವುದರ ಮೇಲೆ ಯುರೋಪಿನೊಳಗೇ ಜಗ್ಗಾಟವಾಯಿತು. ಪೋಲೆಂಡ್ ಮತ್ತು ಬಾಲ್ಟಿಕ್ ದೇಶಗಳಿಗೆ ಬ್ಯಾರೆಲ್ಲಿಗೆ 30 ಡಾಲರ್ ಸಾಕಿತ್ತು. ಹಡಗು ಸಾಗಣೆಯಲ್ಲೇ ಬದುಕುವ ಗ್ರೀಸ್, ಮಾಲ್ಟಾ, ಸೈಪ್ರಸ್ ದೇಶಗಳಿಗೆ ಅಷ್ಟು ಕೆಳಗೆ ಇಳಿಯುವುದು ಬೇಡವಾಗಿತ್ತು. ಕೊನೆಗೆ 60 ಅಂತಾಯಿತು. 2022ರ ಡಿಸೆಂಬರ್ 5ರಿಂದ ಜಾರಿ. ಆ ಹೊತ್ತಿಗೆ ರಷ್ಯಾದ ಯುರಾಲ್ಸ್ ತೈಲ ಹೇಗೂ ಅದಕ್ಕಿಂತ ಅಗ್ಗವಾಗಿಯೇ ಮಾರಾಟವಾಗುತ್ತಿತ್ತು!

ಸರಿ, ಬೇಲಿ ಕಟ್ಟಿದರು. ಕಾಯುವವರು ಯಾರು? ರಷ್ಯಾ ಯಾರಿಗೆ ಎಷ್ಟಕ್ಕೆ ಮಾರುತ್ತದೆ ಅಂತ ಲಂಡನ್ನಿನಲ್ಲಿ ಕೂತವರು ಹೇಗೆ ತಡೆಯುತ್ತಾರೆ? ಇಲ್ಲಿದೆ ನೋಡಿ ಸ್ವಾರಸ್ಯ. ಕಾವಲಿಗೆ ನಿಂತದ್ದು ಹಡಗಿನ ವಿಮೆ. ಎಣ್ಣೆ ಚೆಲ್ಲಿದರೆ, ಇನ್ನೊಂದು ಹಡಗಿಗೆ ಗುದ್ದಿದರೆ, ನಷ್ಟ ಕಟ್ಟಿಕೊಡುವವರು ಬೇಕು. ಆ ಖಾತ್ರಿ ಇಲ್ಲದ ಹಡಗನ್ನು ಬಂದರುಗಳು ಹತ್ತಿರ ಸೇರಿಸುವುದಿಲ್ಲ. ಈ ವಿಮೆ ಕೊಡುವುದು ಹೆಚ್ಚಾಗಿ ಪಿ ಅಂಡ್ ಐ ಕ್ಲಬ್ಬುಗಳು. ಹೆಸರು ಕೇಳಿ ಇಸ್ಪೀಟು ಕ್ಲಬ್ಬು ಅಂದುಕೊಳ್ಳಬೇಡಿ. ಹಡಗಿನ ಮಾಲೀಕರೇ ಸೇರಿ ದುಡ್ಡು ಕೂಡಿಹಾಕಿ, ಒಬ್ಬನಿಗೆ ಕಷ್ಟ ಬಂದರೆ ಎಲ್ಲರೂ ಹೆಗಲು ಕೊಡುವ ವ್ಯವಸ್ಥೆ. 19ನೇ ಶತಮಾನದ ಬ್ರಿಟನ್ನಿನಲ್ಲಿ ಹುಟ್ಟಿದ್ದು. ಇಂಥ 12 ಕ್ಲಬ್ಬುಗಳ ಒಂದು ಕೂಟ ಜಗತ್ತಿನ ಕಡಲ ಹಡಗುಗಳ ಸಾಮರ್ಥ್ಯದಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ವಿಮೆ ಕೊಡುತ್ತದೆ. ಅವುಗಳಲ್ಲಿ ಬಹುತೇಕ ಪಶ್ಚಿಮದವು. ಹಾಗಾಗಿ ಪಶ್ಚಿಮ ಹಾಕಿದ ನಿಯಮ ಇಷ್ಟೇ: 60 ಡಾಲರಿನ ಒಳಗೆ ಕೊಂಡರೆ ನಮ್ಮ ವಿಮೆ, ನಮ್ಮ ಹಡಗು, ನಮ್ಮ ಬ್ಯಾಂಕು. ಜಾಸ್ತಿ ಕೊಟ್ಟರೆ ಒಂದೂ ಇಲ್ಲ.

ಒಂದು ಕಾಲದಲ್ಲಿ ಪಶ್ಚಿಮ ಮಾತು ಕೇಳದವರ ಬಂದರಿಗೆ ತೋಪಿನ ಹಡಗು ಕಳಿಸುತ್ತಿತ್ತು. ಈಗ ವಿಮೆಯ ಕಾಗದ ಹಿಂದಕ್ಕೆ ತೆಗೆದುಕೊಂಡಿತು. ನನಗೆ ಇದು ಬಹಳ ಜಾಣ ಉಪಾಯವಾಗಿಯೇ ಕಂಡಿತ್ತು, ಇವತ್ತಿಗೂ ಹಾಗೇ ಕಾಣುತ್ತದೆ. ಮೊದಲ ವಾರವೇ ಎಡವಟ್ಟಾಯಿತು ಅನ್ನುವುದು ಬೇರೆ ಮಾತು. ಟರ್ಕಿ ತನ್ನ ಜಲಸಂಧಿ ದಾಟುವ ಎಣ್ಣೆ ಹಡಗುಗಳಿಂದ ಹೊಸ ವಿಮಾ ಪತ್ರ ಕೇಳಿತು. ಹಡಗುಗಳ ಸಾಲು ನಿಂತುಬಿಟ್ಟಿತು. ಅವುಗಳಲ್ಲಿ ಹೆಚ್ಚಿನವು ಹೊತ್ತದ್ದು ರಷ್ಯಾದ ಎಣ್ಣೆಯಲ್ಲ, ಕಜಕಸ್ತಾನದ್ದು! ಅದಕ್ಕೆ ಮಿತಿಬೆಲೆಯೇ ಇರಲಿಲ್ಲ.

ಕಾಗದದ ಬೇಲಿಯನ್ನು ಕಾಗದದಿಂದಲೇ ದಾಟಬಹುದು. ಸೈಟು ನೋಂದಣಿ ಮಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪತ್ರದ ಮೇಲೆ ಒಂದು ಬೆಲೆ, ಕೈಯಿಂದ ಕೈಗೆ ಇನ್ನೊಂದು. ಎಣ್ಣೆಗೆ 60ರ ಒಳಗೆ ಬಿಲ್ಲು ಬರೆದು, ಉಳಿದದ್ದನ್ನು ಸಾಗಣೆ ಖರ್ಚು ಅಂತ ತೋರಿಸಿದರು. ಇನ್ನೊಂದು ಕಡೆ ಹಳೆಯ ಟ್ಯಾಂಕರುಗಳನ್ನು ಕೊಂಡು ಪಶ್ಚಿಮದ ವಿಮೆಯ ಹಂಗೇ ಇಲ್ಲದ ಒಂದು ಪಡೆ ಕಟ್ಟಿದರು. ಗ್ಯಾಬೊನ್, ಕುಕ್ ದ್ವೀಪಗಳಂಥ ಕಡೆಯ ಬಾವುಟ. ಆಗಾಗ ಹೆಸರು ಬದಲಾವಣೆ. ಎಲ್ಲಿದ್ದೇನೆ ಅಂತ ತಿಳಿಸುವ ಯಂತ್ರ ನಡುಗಡಲಲ್ಲಿ ಬಂದ್. ಇವಕ್ಕೆ ನೆರಳು ಹಡಗುಗಳು ಅನ್ನುತ್ತಾರೆ.

ಈಗ ನಮ್ಮ ಕಡೆ ಬರೋಣ. ಯುದ್ಧಕ್ಕೆ ಮೊದಲು ಭಾರತ ಕೊಳ್ಳುತ್ತಿದ್ದ ಎಣ್ಣೆಯಲ್ಲಿ ರಷ್ಯಾದ್ದು ನೂರಕ್ಕೆ ಎರಡರ ಆಸುಪಾಸು. 2023ರ ಹೊತ್ತಿಗೆ ಅದು ಮೂರನೇ ಒಂದು ಭಾಗ ದಾಟಿತು. ದೂರದ ಬಾಲ್ಟಿಕ್ ಬಂದರಿನಿಂದ ತರಿಸಿಕೊಂಡರೂ ಅಗ್ಗ. ಇದು ಮಿತಿಬೆಲೆಗೆ ಮೋಸವೇ? ಅಲ್ಲ. ಇದೇ ಅದರ ಲೆಕ್ಕಾಚಾರ. 2022ರ ನವೆಂಬರಿನಲ್ಲಿ ದೆಹಲಿಗೆ ಬಂದ ಯೆಲೆನ್, ಭಾರತ ಬೇಕಾದಷ್ಟು ರಷ್ಯನ್ ಎಣ್ಣೆ ಕೊಳ್ಳಬಹುದು, ಪಶ್ಚಿಮದ ವಿಮೆ, ಹಡಗು ಬಳಸದಿದ್ದರೆ ಮಿತಿ ಮೀರಿಯೂ ಕೊಳ್ಳಬಹುದು ಎಂದಿದ್ದರು. ಅಮೆರಿಕದ ರಾಯಭಾರಿಯಾಗಿದ್ದ ಎರಿಕ್ ಗಾರ್ಸೆಟ್ಟಿ 2024ರಲ್ಲಿ ಇನ್ನೂ ನೇರವಾಗಿ ಮಾತಾಡಿದರು. ಯಾರಾದರೂ ಮಿತಿಬೆಲೆಗೆ ಕೊಳ್ಳಲಿ, ಜಗತ್ತಿನಲ್ಲಿ ಬೆಲೆ ಏರದಿರಲಿ ಅನ್ನುವುದೇ ನಮ್ಮ ಇಚ್ಛೆಯಾಗಿತ್ತು ಅನ್ನುವ ಅರ್ಥದ ಮಾತು ಅದು.

ಯುರೋಪಿನದು ಇನ್ನೊಂದು ಕತೆ. ರಷ್ಯಾದ ಕಚ್ಚಾ ಎಣ್ಣೆಯಿಂದ ನಮ್ಮಲ್ಲಿ ತಯಾರಾದ ಡೀಸೆಲ್ಲು ಅಲ್ಲಿಗೆ ಹೋಗುತ್ತಿತ್ತು. 2023ರ ಮೇ ತಿಂಗಳಲ್ಲಿ ಯುರೋಪಿನ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ಅದಕ್ಕೆ ಆಕ್ಷೇಪ ಎತ್ತಿದರು. ಬ್ರಸೆಲ್ಸಿನಲ್ಲಿದ್ದ ನಮ್ಮ ಜೈಶಂಕರ್, ರಷ್ಯಾ ಮೇಲಿನ ನಿರ್ಬಂಧದ ನಿಮ್ಮದೇ 833/2014 ನಿಯಮ ಓದಿ ನೋಡಿ ಅಂದರು. ಕಚ್ಚಾ ಎಣ್ಣೆ ಇನ್ನೊಂದು ದೇಶದಲ್ಲಿ ರೂಪ ಬದಲಿಸಿದರೆ ಅದು ರಷ್ಯಾದ್ದಲ್ಲ ಅನ್ನುವುದು ಅವರ ವಾದ. ಕೇಳಲು ಗಮ್ಮತ್ತು. ಆದರೆ ನಮ್ಮ ಕಡೆಯೂ ಎಲ್ಲ ಸಲೀಸಾಗಿರಲಿಲ್ಲ. ಅದೇ ತಿಂಗಳು ಗೋವಾಕ್ಕೆ ಬಂದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್, ವ್ಯಾಪಾರದಲ್ಲಿ ಬಂದ ನಮ್ಮ ರೂಪಾಯಿ ಭಾರತದ ಬ್ಯಾಂಕುಗಳಲ್ಲಿ ರಾಶಿ ಬಿದ್ದಿದೆ, ಬಳಸಲು ಆಗುತ್ತಿಲ್ಲ ಅಂತ ಗೋಳು ತೋಡಿಕೊಂಡಿದ್ದರು. ಡಾಲರು ಬಿಡುತ್ತೇವೆ ಅನ್ನುವುದು ಸುಲಭ. ಕೈಗೆ ಬಂದ ರೂಪಾಯಿಯಲ್ಲಿ ಏನು ಕೊಳ್ಳುವುದು?

ಆಮೇಲೆ ಗಾಳಿ ತಿರುಗಿತು. 2025ರ ಆಗಸ್ಟಿನಲ್ಲಿ ಟ್ರಂಪ್ ಸರ್ಕಾರ, ರಷ್ಯಾದ ಎಣ್ಣೆ ಕೊಳ್ಳುತ್ತೀರಿ ಅಂತ ಭಾರತದ ಸರಕಿನ ಮೇಲೆ ಹೆಚ್ಚುವರಿ 25 ಶೇಕಡಾ ಸುಂಕ ಹೇರಿತು. ಒಟ್ಟು 50. ನಮಗಿಂತ ದೊಡ್ಡ ಗಿರಾಕಿ ಚೀನಾಕ್ಕೆ ಆ ಶಿಕ್ಷೆ ಇರಲಿಲ್ಲ. ಯುರೋಪಿನ ಹಂಗೇರಿ, ಸ್ಲೊವಾಕಿಯಾಗಳಿಗೆ ಆಗಲೂ ರಷ್ಯಾದ ಎಣ್ಣೆ ಕೊಳವೆಯಲ್ಲೇ ಹರಿಯುತ್ತಿತ್ತು. ಆ ಸುಂಕ ಮುಂದೆ ಕಂಡ ತಿರುವುಗಳು ಇನ್ನೊಂದು ಭಾಷಣದ ವಿಷಯ. ನನ್ನ ತಕರಾರು ಒಂದೇ. ಕೊಳ್ಳುವವರು ಇರಲಿ ಅಂತಲೇ ಬಾಗಿಲು ತೆರೆದಿಟ್ಟಿದ್ದರು. ಒಳಗೆ ಹೋದವನನ್ನು ಮೂರು ವರ್ಷ ಬಿಟ್ಟು ಕಳ್ಳ ಅಂದರು. ಇದರಿಂದ ಯುದ್ಧ ನಿಂತಿದ್ದರೆ ನಾನೂ ಒಪ್ಪುತ್ತಿದ್ದೆ. ಉಕ್ರೇನಿನಲ್ಲಿ ಜನ ಸಾಯುತ್ತಲೇ ಇದ್ದರು. ಆ ಯುದ್ಧಕ್ಕೆ ನಮ್ಮ ಎಣ್ಣೆ ದುಡ್ಡೂ ಸೇರುತ್ತಿತ್ತು ಅನ್ನುವುದನ್ನು ನಾವೂ ಮುಚ್ಚಿಡಬಾರದು.

ಬೇಲಿ ಕಟ್ಟಿದವರೂ ಬೇರೆ ಬೇರೆಯಾದರು. 2025ರ ಸೆಪ್ಟೆಂಬರಿನಿಂದ ಯುರೋಪು ಮತ್ತು ಬ್ರಿಟನ್ ಮಿತಿಬೆಲೆಯನ್ನು 47.6 ಡಾಲರಿಗೆ ಇಳಿಸಿದವು. ಅಮೆರಿಕ ಜೊತೆ ಸೇರಲಿಲ್ಲ. ಅದು ಅಕ್ಟೋಬರಿನಲ್ಲಿ ರಾಸ್‌ನೆಫ್ಟ್, ಲುಕಾಯಿಲ್ ಎಂಬ ಎರಡು ದೊಡ್ಡ ಕಂಪನಿಗಳ ಮೇಲೇ ನಿರ್ಬಂಧ ಹಾಕಿತು. ನೆರಳು ಹಡಗುಗಳನ್ನು ಈಗ ಒಂದೊಂದಾಗಿ ನಿರ್ಬಂಧದ ಪಟ್ಟಿಗೆ ಸೇರಿಸುತ್ತಿದ್ದಾರೆ. ಹೆಸರು ಬದಲಿಸಿದರೂ, ಬಾವುಟ ಬದಲಿಸಿದರೂ ಹಡಗಿಗೆ ಕೊಟ್ಟ ಏಳು ಅಂಕಿಯ ಒಂದು ಸಂಖ್ಯೆ ಕೊನೆಯವರೆಗೂ ಬದಲಾಗುವುದಿಲ್ಲ. ಪಟ್ಟಿಯಲ್ಲಿ ಹುಡುಕುವುದು ಅದನ್ನೇ. ಪಣಂಬೂರಿನ ಮರಳಿನ ಮೇಲೆ ನಿಂತವರಿಗೆ ಮಾತ್ರ ಆ ಅಂಕಿ ಕಾಣುವುದಿಲ್ಲ. ಸಂಜೆ ದೀಪ ಹತ್ತಿದಾಗ ಎಲ್ಲ ಹಡಗೂ ಒಂದೇ ಥರ.

ನಮಸ್ಕಾರ.